ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಇರುವ ಶಾರದಕ್ಕ

ಭಾನುವಾರ ಒಂದು ಕಥಾಕಮ್ಮಟಕ್ಕೆ ಹೋಗಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಇದು ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಸಂಪನ್ಮೂಲ ವ್ಯಕ್ತಿಗಳು (ಈ ಪದ ಯಾರು ಹುಟ್ಟಿಸಿದರೋ!) ಬೆಳಿಗ್ಗೆ ಹತ್ತೂವರೆಯಿಂದ ಊಟದ ಹೊತ್ತಿನವರೆಗೆ ಕಥೆಯ ಮೊದಲ ಸಾಲಿನ ಬಗ್ಗೆಯೇ ಮಾತಾಡಿದರು. ಮೊದಲ ಸಾಲು ಓದುಗನನ್ನು ಕೈಹಿಡಿದು ಒಳಗೆ ಎಳ್ಕೋಬೇಕಂತೆ. ಸರಿ, ಎಳ್ಕೊಳ್ಳಲಿ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಕಾಲೇಜು ಹುಡುಗಿ ಎದ್ದಳು. "ಸರ್, ಆರು ಪುಟ ಬರೆದೆ. ಏಳನೇ ಪುಟದಲ್ಲಿ ನಿಂತೋಗಿದೆ. ಕೂತರೆ ಬರೆಯೋ ಮನಸ್ಸೇ ಬರ್ತಿಲ್ಲ" ಅಂದಳು. ಅವರು ನಕ್ಕರು. "ಹಾಗಾದ್ರೆ ಮೊದಲ ಸಾಲಲ್ಲೇ ಏನೋ ಐಬಿದೆ. ಅಲ್ಲಿಂದಲೇ ಮತ್ತೆ ಶುರುಮಾಡಮ್ಮ."

ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಡಿಗೆರೆ ಬೇರೆ ಎಳೆದಳು. ನಾನು ಅಲ್ಲೇ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಎರಡನೇ ಸಲ ಪಾಯಸ ಹಾಕಿಸಿಕೊಂಡು ಮನೆಗೆ ಬಂದೆ.

ಸಿಟ್ಟು ಯಾಕೆ ಅಂದರೆ, ಆ ಸಲಹೆ ಕೇಳಿ ಹಾಳಾದವಳು ನಾನೇ. 2022ರಲ್ಲಿ ದೀಪಾವಳಿ ಕಥಾಸ್ಪರ್ಧೆಗೆ ಅಂತ ಒಂದು ಕಥೆ ಶುರುಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಆಗ ಇಲ್ಲೇ ಜಂಬ ಕೊಚ್ಚಿಕೊಂಡಿದ್ದೆ. ಶಾರದಕ್ಕ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚಿಲ್ಲರೆ ಎಣಿಸುತ್ತಾಳೆ. ಶಿರಸಿಯ ತಂಗಿಮನೆಗೆ ಹೋಗಬೇಕು, ಟಿಕೆಟ್ಟಿಗೆ ದುಡ್ಡು ಸಾಲದು. ಕಥೆ ಅಷ್ಟೇ. ಮೊದಲ ಸಾಲು, "ಮಳೆ ಹನಿಯುತ್ತಿತ್ತು." ಮರುದಿನ ಅದು "ಹನಿಯುತ್ತಿತ್ತು ಮಳೆ" ಆಯ್ತು. ಅದರ ಮರುದಿನ ಮಳೆ ತೆಗೆದು ಬಿಸಿಲು ಹಾಕಿದೆ. ಬಿಸಿಲಿಗೆ ಕೊಡೆ ಯಾಕೆ ಹಿಡಿದಿದ್ದಾಳೆ ಅಂತ ಮೂರನೇ ಪುಟ ತಿದ್ದಿದೆ. ಒಂದು ತಿಂಗಳಾದ ಮೇಲೆ ಏನಾಗಿತ್ತು ಹೇಳಿ? "ಮಳೆ ಹನಿಯುತ್ತಿತ್ತು." ಕಡತದ ಹೆಸರು ಮಾತ್ರ "ಇದೇ ಫೈನಲ್ 4" ಆಗಿತ್ತು.

ಆಮೇಲೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ಟೇ ಫ್ರೀ! ನಾಡಿನ ಹೆಂಗಸರೆಲ್ಲ ಧರ್ಮಸ್ಥಳ, ಹೊರನಾಡು ಸುತ್ತಿ ಬಂದರು. ನಮ್ಮ ಶಾರದಕ್ಕ ಮಾತ್ರ ಇನ್ನೂ ಚಿಲ್ಲರೆ ಎಣಿಸುತ್ತಾ ನಿಂತಿದ್ದಾಳೆ. ನಾನು ಒಂದು ಸಾಲು ತಿದ್ದುವಷ್ಟರಲ್ಲಿ ಸರ್ಕಾರ ಬಂದು ನನ್ನ ಕಥೆಯ ಬುಡವನ್ನೇ ಕಿತ್ತುಹಾಕಿತು.

ಮನಸ್ಸು ಬರಲ್ಲ ಅನ್ನೋದು ಸೋಮಾರಿತನ ಅಲ್ಲ ಕಣ್ರೀ. ದಿನಾ ಕೂತಾಗ ಮೊದಲಿಂದ ಓದ್ತೀವಿ. ಓದಿದರೆ ಕಾಣೋದು ತಪ್ಪೇ. ತಿದ್ದುವಷ್ಟರಲ್ಲಿ ಕುಕ್ಕರ್ ಕೂಗುತ್ತೆ. ಅವತ್ತಿನ ಹೊತ್ತು ಮುಗೀತು, ಕಥೆ ಒಂದು ಹೆಜ್ಜೆನೂ ಮುಂದೆ ಹೋಗಿಲ್ಲ. ಹತ್ತು ದಿನ ಹೀಗಾದರೆ ಯಾರಿಗೆ ತಾನೇ ಕೂರೋಣ ಅನ್ಸುತ್ತೆ?

ನಮ್ಮ ಶಿರಸಿ ಕಡೆ ಕರಡ ಅಂದರೆ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಒಣಗಿ ನಿಂತ ಹುಲ್ಲು. ಅದನ್ನು ಕೊಯ್ಯೋವಾಗ ಅಪ್ಪಯ್ಯ ಒಂದೊಂದೇ ಎಸಳು ಆರಿಸುತ್ತಾ ನಿಂತಿದ್ದು ನಾನಂತೂ ಕಂಡಿಲ್ಲ. ಸರಸರ ಕೊಯ್ದು ಹೊರೆ ಕಟ್ಟೋದು, ಕಸಕಡ್ಡಿ ಕೊಟ್ಟಿಗೆಗೆ ಬಂದ ಮೇಲೆ ನೋಡಿಕೊಂಡರಾಯ್ತು. ಕಥೆಯ ಕರಡು ಪ್ರತಿಗೂ ಈ ಕರಡಕ್ಕೂ ಪದದ ನಂಟು ಇದೆಯೋ ಪಂಡಿತರು ಹೇಳಲಿ. ನನಗಂತೂ ಎರಡೂ ಒಂದೇ.

"ಸ್ಪರ್ಧೆಯ ತೀರ್ಪುಗಾರರು ಮೊದಲ ಪುಟ ನೋಡಿಯೇ ಪಕ್ಕಕ್ಕಿಡ್ತಾರೆ, ಅದು ಚೆನ್ನಾಗಿರಬೇಡವಾ?" ಅಂತ ಕೇಳಬಹುದು. ಇರಲಿ, ಬೇಡ ಅಂದವರು ಯಾರು? ಆದರೆ ಮುಗಿಯದ ಕಥೆ ತೀರ್ಪುಗಾರರ ಮೇಜಿಗೇ ಹೋಗಲ್ಲವಲ್ಲ ಸ್ವಾಮಿ.

ಹಾಗಂತ ಓಟಕ್ಕೆ ಬಿದ್ದು ನೋಡಿದ್ದೂ ಆಗಿದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ನ್ಯಾನೊರೈಮೊ ಅಂತ ಒಂದಿತ್ತು. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯೋದು, ಅಂದರೆ ದಿನಕ್ಕೆ 1,667 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ನಾನೂ ಒಂದು ವರ್ಷ ಕೂತೆ. ನಾಲ್ಕನೇ ದಿನಕ್ಕೆ ಸೋತೆ. ಆಮೇಲೆ ಹೊಳೆಯಿತು, ಆ ಲೆಕ್ಕ ಇಂಗ್ಲಿಷಿನದು. "ಹೋಗಬೇಕಾಗಿರಲಿಲ್ಲವೇನೋ" ಅಂತ ಶಾರದಕ್ಕ ಅಂದುಕೊಂಡರೆ ನಮಗೆ ಸಿಗೋದು ಒಂದೇ ಪದ! ಅದನ್ನೇ ಇಂಗ್ಲಿಷಲ್ಲಿ ಹೇಳಿದರೆ ಐದಾರು ಪದ ಜಮಾ. ಈಗ ದಿನಕ್ಕೆ 200 ಪದ ಅಂತ ಇಟ್ಟುಕೊಂಡಿದ್ದೇನೆ. ಗೊತ್ತಾಗದ ಕಡೆ "ಇಲ್ಲಿ ತಂಗಿ ಏನೋ ಕೊಂಕು ಮಾತಾಡಬೇಕು" ಅಂತ ಬರೆದು ಮುಂದೆ ಹೋಗೋದು. ಹಿಂದೆ ತಿರುಗಿ ಓದೋದಿಲ್ಲ. ಓದೋ ಚಪಲ ಇದೆ, ಸುಳ್ಳು ಯಾಕೆ ಹೇಳಲಿ, ಅದಕ್ಕೇ ಬರೆದ ಹಾಳೆಗಳನ್ನು ಅಕ್ಕಿ ಡಬ್ಬದ ಕೆಳಗೆ ಇಡ್ತೀನಿ.

ಆ ಹುಡುಗಿ ಯಾರಿಗಾದರೂ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ, ಆ ಅಡಿಗೆರೆ ಎಳೆದಿದ್ದನ್ನು ಹೊಡೆದುಹಾಕಲಿ. ಎಂಟನೇ ಪುಟ ಬರೆಯಲಿ, ಕೆಟ್ಟದಾಗಿಯೇ ಬರೆಯಲಿ.

ಕಮ್ಮಟದಿಂದ ಬಂದ ರಾತ್ರಿ ಸಿಟ್ಟಿನಲ್ಲೇ ಕೂತು ಬರೆದೆ. "ಬಸ್ಸು ಬಂತು. ಶಾರದಕ್ಕ ಹತ್ತಿದಳು." ಎಂಥ ದರಿದ್ರ ಸಾಲು ಅಲ್ವಾ? ಆದರೆ ಹತ್ತಿದಳು. ಕಂಡಕ್ಟರ್ ಬಂದು, "ದುಡ್ಡು ಒಳಗಿಡಿ ಅಮ್ಮಾ, ಆಧಾರ್ ತೋರ್ಸಿ" ಅಂದ. ಶಾರದಕ್ಕ ಚೀಲಕ್ಕೆ ಕೈಹಾಕಿದಳು. ಅಷ್ಟರಲ್ಲಿ ಹನ್ನೆರಡಾಯ್ತು, ಹಾಳೆ ಮಡಚಿ ಮಲಗಿದೆ.

ಆಧಾರ್ ಚೀಲದಲ್ಲಿದೆಯೋ, ಮನೆಯಲ್ಲೇ ಬಿಟ್ಟು ಬಂದಿದ್ದಾಳೋ, ಇವತ್ತು ಊಟ ಆದ ಮೇಲೆ ನೋಡಬೇಕು.