ನಾಲಿಗೆಗೆ ಗೊತ್ತಾಗದ ಖಾರ

ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮಾತಾಡುತ್ತಾ ಮಾತಾಡುತ್ತಾ ಮೂರು ಸಲ ಎದೆ ನೀವಿಕೊಂಡರು. ಏನಾಯ್ತು ಅಂತ ಕೇಳಿದರೆ "ಏನಿಲ್ಲ ಬಿಡೇ, ಸ್ವಲ್ಪ ಎದೆಯುರಿ" ಅಂದರು. ನಡುನಡುವೆ ಒಣಕೆಮ್ಮು ಬೇರೆ. ನೀರು ತರೋಣ ಅಂತ ಎದ್ದೆ. ಅವರ ಬಿ.ಪಿ. ಮಾತ್ರೆಯ ಡಬ್ಬಿ ಪಕ್ಕ ಕೆಂಪು ಮುಚ್ಚಳದ ಬಾಟಲಿಯೊಂದು ಕಾಣಿಸಿತು. ಕೇಯೆನ್ ಪೆಪ್ಪರ್ ಕ್ಯಾಪ್ಸೂಲ್. ಹೆಸರು ನೋಡಿ ಕರಿಮೆಣಸು ಅಂದುಕೊಳ್ಳಬೇಡಿ. ಇದು ಕೆಂಪು ಮೆಣಸಿನಕಾಯಿಯ ಪುಡಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು. ಆರು ವಾರದಿಂದ. ಯಾರು ಹೇಳಿದ್ದು ಅಂತ ಕೇಳಿದೆ. ಒಂದು ವಿಡಿಯೋ. ರಕ್ತನಾಳ ಸ್ವಚ್ಛ ಆಗುತ್ತಂತೆ, ಬೊಜ್ಜು ಕರಗುತ್ತಂತೆ, ಹಾರ್ಟ್ ಅಟ್ಯಾಕ್ ಆದರೆ ಬಿಸಿನೀರಿಗೆ ಈ ಪುಡಿ ಹಾಕಿ ಕುಡಿಸಿದರೆ ಒಂದು ನಿಮಿಷದಲ್ಲಿ ನಿಲ್ಲುತ್ತಂತೆ. "ನ್ಯಾಚುರಲ್ ಅಲ್ವೇನೇ, ಸೈಡ್ ಎಫೆಕ್ಟ್ ಇರಲ್ಲ" ಅಂದರು ದೊಡ್ಡಮ್ಮ.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಕೆಲಸ ನಿಮಗೆಲ್ಲ ಗೊತ್ತು. ಹದಿನೆಂಟು ವರ್ಷದಿಂದ ಔಷಧಿ ಕೌಂಟರಿನ ಹಿಂದೆ ನಿಂತಿದ್ದೇನೆ. "ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಒಂದು ಪದಾರ್ಥಕ್ಕೆ ದೇಹದಲ್ಲಿ ಒಳ್ಳೆಯದು ಮಾಡುವಷ್ಟು ಶಕ್ತಿ ಇದ್ದರೆ, ಕೆಟ್ಟದ್ದು ಮಾಡುವ ಶಕ್ತಿಯೂ ಇರುತ್ತದೆ. ಅದು ಗಿಡದಲ್ಲಿ ಬೆಳೆದರೂ ಅಷ್ಟೇ, ಕಾರ್ಖಾನೆಯಲ್ಲಿ ತಯಾರಾದರೂ ಅಷ್ಟೇ.

ಮೆಣಸಿನಕಾಯಿಗೆ ಶಕ್ತಿ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ. ಅಮ್ಮನಿಗೆ ಸರ್ಪಸುತ್ತು ಬಂದಿತ್ತು. ಗುಳ್ಳೆ ಒಣಗಿ ತಿಂಗಳುಗಳಾದರೂ ನೋವು ಹೋಗಲಿಲ್ಲ. ಸೀರೆಯ ಸೆರಗು ತಾಗಿದರೂ ಚೀರುತ್ತಿದ್ದರು. ಆಗ ಡಾಕ್ಟರ್ ಬರೆದುಕೊಟ್ಟದ್ದು ಕ್ಯಾಪ್ಸೈಸಿನ್ ಕ್ರೀಮ್. ಮೆಣಸಿನಕಾಯಿಗೆ ಖಾರ ಕೊಡುವ ಅಂಶವೇ ಕ್ಯಾಪ್ಸೈಸಿನ್. ಕೈಗೆ ಗ್ಲೌಸ್ ಹಾಕಿಕೊಂಡು ನಾನೇ ಹಚ್ಚುತ್ತಿದ್ದೆ. ಮೊದಲ ವಾರ ಉರಿ, ಆಮೇಲೆ ನಿಧಾನವಾಗಿ ನೋವು ಇಳಿಯಿತು. ಅಮ್ಮ ಪೂರ್ತಿ ರಾತ್ರಿ ನಿದ್ದೆ ಮಾಡಿದ ಮೊದಲ ದಿನ ನನಗೆ ಇನ್ನೂ ನೆನಪಿದೆ. ಇದೇ ನೋವಿಗೆ 8% ಕ್ಯಾಪ್ಸೈಸಿನ್ ಇರುವ, ಚರ್ಮಕ್ಕೆ ಅಂಟಿಸುವ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದನ್ನು ಮನೆಯಲ್ಲಿ ಹಚ್ಚಿಕೊಳ್ಳುವ ಹಾಗಿಲ್ಲ, ಆಸ್ಪತ್ರೆ ಸಿಬ್ಬಂದಿಯೇ ಹಚ್ಚಬೇಕು. ಅಷ್ಟು ಎಚ್ಚರಿಕೆಯಿಂದ ಬಳಸುವ ವಸ್ತು ಅದು.

ಖಾರ ಅನ್ನುವುದು ನಿಜವಾಗಿ ರುಚಿ ಅಲ್ಲ. ಉರಿ. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು "ಸುಡುತ್ತಿದೆ" ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಈ ಪ್ರೋಟೀನ್ ನಾಲಿಗೆಯಲ್ಲಿ ಮಾತ್ರ ಇಲ್ಲ. ಅನ್ನನಾಳ, ಹೊಟ್ಟೆ, ಕರುಳು, ಕೊನೆಗೆ ಗುದದ್ವಾರದವರೆಗೂ ಇದೆ. ಹಾಗಾಗಿ ಕ್ಯಾಪ್ಸೂಲ್ ನುಂಗಿದವರಿಗೆ ಎದೆಯುರಿ, ಹೊಟ್ಟೆನೋವು, ಭೇದಿ ಆಗುತ್ತದೆ. ಮೂಲವ್ಯಾಧಿ, ಬಿರುಕು ಇದ್ದವರ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ.

ನಾಲಿಗೆ ಕಾವಲುಗಾರ ಇದ್ದ ಹಾಗೆ. ಖಾರ ಜಾಸ್ತಿ ಆದರೆ ಕಣ್ಣಲ್ಲಿ ನೀರು ಬರಿಸುತ್ತದೆ, "ಸಾಕು" ಅನ್ನುತ್ತದೆ. ಕ್ಯಾಪ್ಸೂಲ್ ಆ ಕಾವಲುಗಾರನ ಕಣ್ಣಿಗೆ ಬೀಳದ ಹಾಗೆ ಒಳಗೆ ಹೋಗುತ್ತದೆ. ನನ್ನ ಸಿಟ್ಟು ಪೂರ್ತಿ ಇದರ ಮೇಲೆಯೇ.

ದೊಡ್ಡಮ್ಮನ ಎದುರಿಗೇ ಎರಡು ಕ್ಯಾಪ್ಸೂಲ್ ಬಿಚ್ಚಿ ಬಿಳಿ ಕಾಗದದ ಮೇಲೆ ಸುರಿದೆ. ಒಂದೊಂದರಲ್ಲಿ 450 ಮಿಲಿಗ್ರಾಂ. ಎರಡೂ ಸೇರಿ ಟೀ ಚಮಚದ ಅರ್ಧದಷ್ಟು ಕೆಂಪು ಪುಡಿ. "ಇದನ್ನು ಬೆಳಿಗ್ಗೆ ಎದ್ದ ತಕ್ಷಣ ಬಾಯಿಗೆ ಹಾಕಿಕೊಳ್ಳಿ ಅಂದರೆ ಹಾಕಿಕೊಳ್ತೀರಾ ದೊಡ್ಡಮ್ಮ?" ಅಂತ ಕೇಳಿದೆ. ಅವರು ಬೆರಳ ತುದಿಯಲ್ಲಿ ಒಂದು ಚೂರು ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು. ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಇದನ್ನಾ ನಾನು ದಿನಾ ನುಂಗ್ತಾ ಇದ್ದದ್ದು?" ಅಂದರು.

ಲೇಬಲ್ ಓದಿದೆ. "40,000 ಹೀಟ್ ಯೂನಿಟ್" ಅಂತ ದೊಡ್ಡದಾಗಿ ಬರೆದಿದೆ. ಕ್ಯಾಪ್ಸೈಸಿನ್ ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇಲ್ಲ. ನಾನೇ ಲೆಕ್ಕ ಹಾಕಿದೆ. ಹೀಟ್ ಯೂನಿಟ್ ಅಂದರೆ ಖಾರ ಅಳೆಯುವ ಸ್ಕೋವಿಲ್ ಅಳತೆ. ಶುದ್ಧ ಕ್ಯಾಪ್ಸೈಸಿನ್ನಿನ ಖಾರ ಅದರಲ್ಲಿ ಸುಮಾರು 1.6 ಕೋಟಿ. ಅಂದರೆ ಈ ಪುಡಿಯ ನಾನೂರರಲ್ಲಿ ಒಂದು ಪಾಲು ಕ್ಯಾಪ್ಸೈಸಿನ್. ಒಂದು ಕ್ಯಾಪ್ಸೂಲಿಗೆ ಸುಮಾರು 1.1 ಮಿಲಿಗ್ರಾಂ. ಇದೇನು ಭಾರಿ ಪ್ರಮಾಣ ಅಲ್ಲ, ಒಪ್ಪುತ್ತೇನೆ. ಆದರೆ ಇನ್ನೊಂದು ಬಾಟಲಿಯಲ್ಲಿ ಒಂದು ಲಕ್ಷ ಯೂನಿಟ್ ಇರುತ್ತದೆ. ಅದು ಎರಡೂವರೆ ಪಟ್ಟು. ಕೊಳ್ಳುವವರು ಈ ಲೆಕ್ಕವನ್ನೆಲ್ಲ ಮಾಡುತ್ತಾ ಕೂರಬೇಕಾ? ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥ ಸಪ್ಲಿಮೆಂಟು ಮಾರುವ ಮೊದಲು, ಔಷಧಿಗೆ ಮಾಡುವ ಹಾಗೆ, ಅದು ಕೆಲಸ ಮಾಡುತ್ತದೆ ಅಂತ ಸಾಬೀತು ಮಾಡಬೇಕಾಗಿಯೇ ಇಲ್ಲ.

ಈಗ ಕೆಲವರು ಕೇಳುತ್ತೀರಿ, ನನಗೆ ಗೊತ್ತು. "ಮೆಣಸಿನಕಾಯಿ ತಿನ್ನುವವರು ಜಾಸ್ತಿ ಕಾಲ ಬದುಕುತ್ತಾರೆ ಅಂತ ಸಂಶೋಧನೆಯೇ ಇದೆಯಲ್ಲ?" ಇದೆ. ಇಟಲಿಯಲ್ಲಿ ಸುಮಾರು 23 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ವರದಿ. ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಮೆಣಸಿನಕಾಯಿ ತಿನ್ನುವವರಲ್ಲಿ ಸಾವಿನ ಅಪಾಯ 23% ಕಡಿಮೆ ಕಂಡಿತ್ತು. ಆದರೆ ಅವರು ತಿಂದದ್ದು ಊಟದಲ್ಲಿ, ಕ್ಯಾಪ್ಸೂಲಿನಲ್ಲಿ ಅಲ್ಲ. ಖಾರ ತಿನ್ನುವವರ ಬದುಕಿನಲ್ಲಿ ಬೇರೆ ಏನೇನು ಒಳ್ಳೆಯ ಅಭ್ಯಾಸ ಇತ್ತೋ ಅದನ್ನೆಲ್ಲ ಪೂರ್ತಿ ಬೇರ್ಪಡಿಸಲು ಇಂಥ ಅಧ್ಯಯನದಲ್ಲಿ ಆಗುವುದಿಲ್ಲ. ಈ ವರದಿ ತೋರಿಸಿ ಬಾಟಲಿ ಮಾರುವುದು ತಪ್ಪು.

ಬೊಜ್ಜು ಕರಗುವ ವಿಷಯ? ಕ್ಯಾಪ್ಸೈಸಿನ್ ದೇಹ ಖರ್ಚು ಮಾಡುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುವುದು ನಿಜ. ಪ್ರಯೋಗಗಳಲ್ಲಿ ಕಂಡದ್ದು ದಿನಕ್ಕೆ ಸುಮಾರು 50 ಕ್ಯಾಲೊರಿ. ಕಾಲು ಗಂಟೆ ನಡೆದರೆ ಅಷ್ಟು ಖರ್ಚಾಗುತ್ತದೆ. ಬಿ.ಪಿ. ಇಳಿಯುತ್ತದೆ ಅಂತಲೂ ಕೆಲವರು ಹೇಳುತ್ತಾರೆ, ಅದು ಇಳಿದದ್ದು ಇಲಿಗಳಲ್ಲಿ. ಇನ್ನು ಹಾರ್ಟ್ ಅಟ್ಯಾಕ್ ನಿಲ್ಲಿಸುವ ಮಾತು ಶುದ್ಧ ಸುಳ್ಳು. ಆ ಹೊತ್ತಿನಲ್ಲಿ ಒಂದೊಂದು ನಿಮಿಷವೂ ಮುಖ್ಯ. ಬಿಸಿನೀರು ಕಾಯಿಸುತ್ತಾ ನಿಂತರೆ ಜೀವ ಹೋಗುತ್ತದೆ. ಆಂಬುಲೆನ್ಸ್ ಕರೆಯಿರಿ, ದಯವಿಟ್ಟು. 2012ರಲ್ಲಿ ಟರ್ಕಿಯ ವೈದ್ಯರು ಒಂದು ಪ್ರಕರಣ ಬರೆದಿದ್ದಾರೆ. ತೆಳ್ಳಗಾಗಲು ಕೇಯೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 25 ವರ್ಷದ ಹುಡುಗನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಹೃದಯದ ರಕ್ತನಾಳ ಬಿಗಿದುಕೊಂಡದ್ದು ಕಾರಣ ಇರಬೇಕು ಅಂತ ಅವರ ಅಭಿಪ್ರಾಯ. ಒಂದು ಪ್ರಕರಣದಿಂದ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಆದರೆ "ಸೈಡ್ ಎಫೆಕ್ಟ್ ಇಲ್ಲ" ಅನ್ನಲೂ ಬರುವುದಿಲ್ಲ.

ದೊಡ್ಡಮ್ಮನ ಕೆಮ್ಮಿಗೆ ಬರುತ್ತೇನೆ. ಅವರ ಬಿ.ಪಿ. ಮಾತ್ರೆ ಹೆಸರಿನ ಕೊನೆಗೆ "ಪ್ರಿಲ್" ಅಂತ ಬರುವ ಗುಂಪಿನದು. ಈ ಗುಂಪಿನ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕ್ಯಾಪ್ಸೈಸಿನ್ ಜೊತೆ ಸೇರಿದರೆ ಕೆಮ್ಮು ಜಾಸ್ತಿ ಆಗಬಹುದು. ಸಂಶೋಧಕರು ಪ್ರಯೋಗಕ್ಕಾಗಿ ಜನರಿಗೆ ಕೆಮ್ಮು ಬರಿಸಬೇಕಾದಾಗ ಉಸಿರಿನ ಜೊತೆ ಕೊಡುವುದೇ ಕ್ಯಾಪ್ಸೈಸಿನ್ನನ್ನು! ರಕ್ತ ತೆಳುವಾಗಿಸುವ ಮಾತ್ರೆ, ಆಸ್ತಮಾಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರೂ ಕೇಳದೆ ಇದನ್ನು ಮುಟ್ಟಬಾರದು. ದೊಡ್ಡಮ್ಮ ಕೆಮ್ಮಿಗೆ ಸಿರಪ್ ತಂದು ಕುಡಿಯುತ್ತಿದ್ದರು. ಸಿರಪ್ ಕೊಟ್ಟವರು "ಬೇರೆ ಏನು ತಗೊಳ್ತಾ ಇದ್ದೀರಾ" ಅಂತ ಒಂದು ಮಾತು ಕೇಳಲಿಲ್ಲ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನೂ ಕೇಳಿಲ್ಲ. ಇಂಥ ಬಾಟಲಿಗಳನ್ನು ಇದೇ ಕೈಯಿಂದ ಎಷ್ಟೋ ಸಲ ಕೊಟ್ಟಿದ್ದೇನೆ. ಸಂಜೆ ಹೊತ್ತು ಜನ ಜಾಸ್ತಿ, ಚೀಟಿ ಬೇಕಿಲ್ಲದ ವಸ್ತು, ಸುಮ್ನೆ ಬಿಲ್ ಮಾಡಿ ಕಳಿಸಿದ್ದೇನೆ. ಅವರಲ್ಲಿ ಯಾರಿಗೆ ಹೊಟ್ಟೆ ಹುಣ್ಣಿತ್ತೋ, ಯಾರು ಏನು ಮಾತ್ರೆ ನುಂಗುತ್ತಿದ್ದರೋ ನನಗೆ ಗೊತ್ತಿಲ್ಲ. ಭಾನುವಾರ ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ಸೋಮವಾರದಿಂದ ಕೇಳಲು ಶುರು ಮಾಡಿದ್ದೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಪರವಾಗಿಲ್ಲ.

ದೊಡ್ಡಮ್ಮ ಕ್ಯಾಪ್ಸೂಲ್ ನಿಲ್ಲಿಸಿದ್ದಾರೆ. ಬಿ.ಪಿ. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿ ಬಂದಿದ್ದೆ. ಗುರುವಾರ ಡಾಕ್ಟರಿಗೆ ಬಾಟಲಿ ತೋರಿಸಿದರಂತೆ. ಎದೆಯುರಿ ಇಳಿದಿದೆ. ಕೆಮ್ಮು ಇನ್ನೂ ಸ್ವಲ್ಪ ಇದೆ, ಮಾತ್ರೆ ಬದಲಿಸಿಕೊಟ್ಟಿದ್ದಾರೆ.

ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. "ಆ ವಿಡಿಯೋನ ನಾನು ಆರು ಜನಕ್ಕೆ ಕಳಿಸಿದ್ದೆ ಕಣೇ" ಅಂದರು. ದನಿ ನಡುಗುತ್ತಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದಾರೆ. ಇಬ್ಬರು ತಗೊಂಡೇ ಇಲ್ಲವಂತೆ. ಮೂರನೆಯವರು ತಗೊಳ್ತಾ ಇದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೆ. ಅವರ ನಂಬರ್ ಕಳಿಸಿದ್ದಾರೆ. ಇದನ್ನು ಪೋಸ್ಟ್ ಮಾಡಿ ಈಗ ಅವರಿಗೆ ಫೋನ್ ಮಾಡುತ್ತೇನೆ.