ಸ್ಮಾರ್ಟ್ ಮೀಟರ್ ಜೋರಾಗಿ ಓಡುತ್ತಾ? ಸತ್ಯಾಂಶ ಇಲ್ಲಿದೆ

"ಸ್ಮಾರ್ಟ್ ಮೀಟರ್ ಹಾಕಿಸಿದರೆ ಬಿಲ್ ಡಬಲ್, ಅದು ಜೋರಾಗಿ ಓಡೋ ಹಾಗೆ ಮಾಡಿದ್ದಾರೆ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ನಿಜವಲ್ಲ. ಸ್ಮಾರ್ಟ್ ಮೀಟರ್ ಅಂದರೆ ರೀಡಿಂಗನ್ನು ತಾನೇ ವಿದ್ಯುತ್ ಕಂಪನಿಗೆ ಕಳಿಸುವ ಮೀಟರ್, ಅಷ್ಟೇ.

ಕೇಂದ್ರ ಸರ್ಕಾರ 2021ರಲ್ಲಿ ಆರ್‌ಡಿಎಸ್‌ಎಸ್ ಎಂಬ ವಿದ್ಯುತ್ ವಿತರಣೆ ಸುಧಾರಣೆಯ ಯೋಜನೆ ತಂದಿತು. ಸ್ಮಾರ್ಟ್ ಮೀಟರ್ ಹಾಕಿ ನಷ್ಟ ತಗ್ಗಿಸುವ ವಿದ್ಯುತ್ ಕಂಪನಿಗಳಿಗೆ ಅನುದಾನ ಕೊಡಲು ತಂದ ಯೋಜನೆ ಅದು. ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಲೆಕ್ಕ ಸಿಗಬೇಕಲ್ವಾ? ಯೂನಿಟ್ ಮಾತ್ರ ಹಳೆಯ ಮೀಟರ್, ಸ್ಮಾರ್ಟ್ ಮೀಟರ್ ಎರಡರಲ್ಲೂ ಒಂದೇ. ನೀರು ಕಾಯಿಸುವ 1000 ವ್ಯಾಟ್ ಕಾಯಿಲ್ ಒಂದು ಗಂಟೆ ಉರಿದರೆ ಒಂದು ಯೂನಿಟ್.

ಹಾಗಾದರೆ ಕೆಲವರಿಗೆ ಬಿಲ್ ಜಾಸ್ತಿ ಬಂದದ್ದು ಹೇಗೆ? ಹಳೆಯ ಚಕ್ರದ ಮೀಟರ್ ಸವೆದು ನಿಧಾನವಾಗಿರಬಹುದು. ಟಿವಿ, ಸೆಟ್‌ಟಾಪ್ ಬಾಕ್ಸ್ ಸುಮ್ನೆ ಎಳೆಯುವ ಚೂರುಪಾರು ಕರೆಂಟ್ ಅದರ ಲೆಕ್ಕಕ್ಕೆ ಸರಿಯಾಗಿ ಬರುತ್ತಿರಲಿಲ್ಲ.

ನೀವೇ ನೋಡಿ. ಮನೆಯ ಎಲ್ಲ ಸ್ವಿಚ್ ಆರಿಸಿ, ಯುಪಿಎಸ್ ಕೂಡ. ಕರೆಂಟ್ ಬಳಕೆಯಾದಂತೆ ಮಿಣುಕುವ ಮೀಟರ್‌ನ ಕೆಂಪು ದೀಪದ ಮುಂದೆ ಐದು ನಿಮಿಷ ನಿಲ್ಲಿ. ಆಗಲೂ ಮಿಣುಕುತ್ತಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಮೀಟರ್ ಬೆಲೆ ದುಬಾರಿ ಅನ್ನೋದು ಬೇರೆ ಮಾತು. ಅದನ್ನು ಖಂಡಿತ ಕೇಳಬೇಕು.

ರೀಡಿಂಗ್ ಬಗ್ಗೆ ಅನುಮಾನ ಹೋಗದಿದ್ದರೆ ವಿದ್ಯುತ್ ಕಂಪನಿಗೆ ದೂರು ಕೊಡಿ. ಕೇಂದ್ರದ 2024ರ ತಿದ್ದುಪಡಿ ನಿಯಮದಂತೆ ಕಂಪನಿಯವರೇ 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು.