ಹೋಲ್ಡಾನ್... ರೈಟ್ ರೈಟ್

ನಮ್ಮ ಬೀದಿಯ ಹಂಪ್ ಮೇಲೆ ನಿನ್ನೆ ಸಂಜೆ ಒಂದು ಹೊಸ ಗೀರು ಬಿದ್ದಿದೆ. ಗೀಚಿದ್ದು ನನ್ನ ಕಾರಿನ ಹೊಟ್ಟೆ.

ತಪ್ಪು ನನ್ನದೇ, ಬಿಡಿ. ಹಳೇ ಸ್ವಿಫ್ಟ್‌ಗೆ 35 ಎಂ.ಎಂ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಕಾರೇನೋ ಚೆನ್ನಾಗಿ ಕೂತಿತು. ಆದರೆ ಹಳೇ ಚಕ್ರಗಳು ಒಳಗೆ ಸೇರಿಕೊಂಡು, ಅಣ್ಣನ ಪ್ಯಾಂಟ್ ಹಾಕಿಕೊಂಡ ಹುಡುಗನ ಕಾಲಿನ ಹಾಗೆ ಕಂಡವು. ಸರಿ, ದೊಡ್ಡ ಅಲಾಯ್ ಚಕ್ರ ಬೇಕು. ಮೂರು ವಾರ ಊಟ ಆದಮೇಲೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಹಳೇ ಟೈರು 185/65 ಆರ್15 ಸೈಜು, ಅದರ ಒಟ್ಟು ಎತ್ತರ 621.5 ಎಂ.ಎಂ. ಹೊಸ ಚಕ್ರಕ್ಕೆ 195/55 ಆರ್16 ಹಾಕಿದರೆ 620.9. ಸ್ಪೀಡೋಮೀಟರ್‌ಗೂ ಗೊತ್ತಾಗಲ್ಲ! ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಇಷ್ಟು ಕೂತಿದ್ದರೆ ಸೆಕೆಂಡ್‌ಹ್ಯಾಂಡ್ ಕಾರು ಯಾಕೆ ತಗೊಳ್ಳುತ್ತಿದ್ದೆ?

ಎಡವಟ್ಟಾಗಿದ್ದು ಆಫ್‌ಸೆಟ್‌ನಲ್ಲಿ, ಅಂದರೆ ಚಕ್ರ ಎಷ್ಟು ಎಂ.ಎಂ. ಒಳಗೆ ಕೂರುತ್ತದೆ ಅನ್ನುವ ಲೆಕ್ಕದಲ್ಲಿ. ಅದು ಕಮ್ಮಿಯಾದಷ್ಟೂ ಚಕ್ರ ಹೊರಗೆ. ಬೇಕಿದ್ದದ್ದು 45. ಜೆ.ಸಿ. ರೋಡಿನ ಅಂಗಡಿಯಲ್ಲಿ ಸಿಕ್ಕಿದ್ದು 35, ಅದೂ ಒಂದು ಇಂಚು ಜಾಸ್ತಿ ಅಗಲ. ಆ ಹತ್ತು ಎಂ.ಎಂ.ಗೆ ಅಗಲದ ಅರ್ಧ ಇಂಚು ಸೇರಿ ರಿಮ್ಮಿನ ಅಂಚು 22.7 ಎಂ.ಎಂ. ಹೊರಗೆ. ಅಂಗಡಿಯವನು ಟೈರಿಗೂ ಅದರ ಮೇಲಿನ ಫೆಂಡರಿಗೂ (ಮಡ್‌ಗಾರ್ಡಿಗೂ) ನಡುವೆ ಎರಡು ಬೆರಳು ತೂರಿಸಿ, "ಏನೂ ಆಗಲ್ಲ ಸಾರ್" ಅಂದ. ಅವನದು ಸಣಕಲು ಬೆರಳು ಅಂತ ಆಮೇಲೆ ಹೊಳೆಯಿತು.

ಒಬ್ಬನೇ ಓಡಿಸಿದರೆ ನಿಜಕ್ಕೂ ಏನೂ ಆಗಲ್ಲ. ನಿನ್ನೆ ಹಿಂದೆ ಅಮ್ಮ, ದೊಡ್ಡಮ್ಮ, ಡಿಕ್ಕಿಯಲ್ಲಿ 25 ಕೆ.ಜಿ. ಅಕ್ಕಿ. ಮುಂದೆ ಅಪ್ಪ, ರಿಟೈರ್ಡ್ ಬಸ್ ಕಂಡಕ್ಟರ್. ಮೊದಲ ಗುಂಡಿಗೇ ಹಿಂದಿನ ಚಕ್ರ 'ಗರ್ರ್' ಅಂದಿತು. "ಡಿಕ್ಕೀಲಿ ಬೆಕ್ಕಿದೆಯೇನೋ?" ಅಂದರು ದೊಡ್ಡಮ್ಮ.

ಆಮೇಲೆ ಹಂಪ್ ಬಂತು. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ 10 ಸೆಂ.ಮೀ. ಎತ್ತರದ ಹಂಪ್ 3.7 ಮೀಟರ್ ಉದ್ದಕ್ಕೆ ಹರಡಿರಬೇಕು. ನಮ್ಮದು ಅಷ್ಟೇ ಎತ್ತರವನ್ನು ಒಂದು ಮೊಳದಲ್ಲಿ ಮುಗಿಸಿಬಿಟ್ಟಿದೆ.

ಅಪ್ಪ ಇಳಿದರು. ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಕಾರಿನ ಅಡಿ ಇಣುಕಿದರು. ಬಾನೆಟ್ ಮೇಲೆ ಎರಡು ಬಡಿದು, "ಹೋಲ್ಡಾನ್! ಲೇಡೀಸ್ ಮೊದಲು ಇಳೀರಿ." ಅಮ್ಮ, ದೊಡ್ಡಮ್ಮ ಇಳಿದರು. ಅಕ್ಕಿಮೂಟೆಯೂ ಇಳಿಯಿತು. ಹಿಂದೆ ನಿಂತ ಆಟೋದವನು, "ಪಂಕ್ಚರಾ ಯಜಮಾನ್ರೇ?" ಅಂದ.

"ಇಲ್ಲಪ್ಪ, ಫ್ಯಾಷನ್ನು."

"ಎಡಕ್ಕೆ ಕಟ್ ಮಾಡು... ಬರ್ಲಿ, ಬರ್ಲಿ... ರೈಟ್ ರೈಟ್!" ಒಂದು ಚಕ್ರ ಹತ್ತಿತು. ಎರಡನೆಯದೂ ಹತ್ತಿತು. ಆಮೇಲೆ ಆ ಗೀರು. ಮುಂದೆ ಇನ್ನೂ ಎರಡು ಹಂಪ್ ಇದ್ದವು. ಅಪ್ಪ ಕಾರು ಹತ್ತಲೇ ಇಲ್ಲ. ನನಗಿಂತ ಮುಂಚೆ ನಡೆದು ಹೋಗಿ, ಹಂಪ್ ಪಕ್ಕ ಕೈ ಎತ್ತಿ ನಿಂತಿರುತ್ತಿದ್ದರು.

ಆ ಕೂಗು ಕೇಳಿ ಎಷ್ಟು ವರ್ಷವಾಗಿತ್ತು! ಬೇಸಿಗೆ ರಜೆಯಲ್ಲಿ ಅವರ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಿಸಿ ಎಂಜಿನ್ ಮೇಲೆ ಟವೆಲ್ ಹಾಸಿ ಕೂರುತ್ತಿದ್ದೆ. ಆ ಬಸ್ಸಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನನ್ನ ತಲೆ ತೂರುತ್ತಿತ್ತು. ತೂರಿಸಿ, ಒದೆಯೂ ತಿಂದಿದ್ದೇನೆ.

ಬೆಳಿಗ್ಗೆ ಅಂಗಡಿಯವನಿಗೆ ಫೋನ್ ಮಾಡಿದೆ. ಫೆಂಡರಿನ ಅಂಚು ಒಳಗೆ ಮಡಚಿಸಬೇಕಂತೆ. ಏನೂ ಆಗಲ್ಲವಂತೆ. ಗುರುವಾರದ ಮದುವೆಗೆ ಅಮ್ಮ, ದೊಡ್ಡಮ್ಮ ಬಸ್ಸಿನಲ್ಲೇ ಹೋಗುತ್ತಾರಂತೆ, ಹೆಂಗಸರಿಗೆ ಹೇಗೂ ಟಿಕೆಟ್ ಫ್ರೀ. ಅಪ್ಪ ಮಾತ್ರ ನನ್ನ ಜೊತೆಗೇ ಬರುತ್ತಾರಂತೆ. ಆಗಿನಿಂದ ಅಟ್ಟದ ಟ್ರಂಕಿನಲ್ಲಿ ವಿಷಲ್ ಹುಡುಕುತ್ತಿದ್ದಾರೆ.